ರಟ್ಟಪ್ಪ ಮತ್ತು ಹೊಗೆಹೆಣ್ಣು

ಬಾಡಿಗೆ ಪುಸ್ತಕದಂಗಡಿಯ ಹಿಂಗೋಣೆಯಲ್ಲಿ ಇಪ್ಪತ್ತಾರು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ ರಟ್ಟಪ್ಪನ ಪಾಲಿಗೆ ಲೋಕದಲ್ಲಿ ಇದ್ದದ್ದು ಎರಡೇ ಬಗೆಯ ಪುಸ್ತಕ. ಕೈ ತೊಳೆದುಕೊಂಡು ಮುಟ್ಟಬೇಕಾದವು, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಬೇಕಾದವು. ಹೊಗೆಹೆಣ್ಣಿನ ಕಾದಂಬರಿಗಳು ಬಂದ ದಿನ ಅವನು ಎರಡು ಸಲ ಸೋಪು ಹಾಕುತ್ತಿದ್ದ.

ಹೊಗೆಹೆಣ್ಣು ಹಗಲೆಲ್ಲ ಶವಾಗಾರದಲ್ಲಿ ಗುಮಾಸ್ತೆ. ಸಂಜೆಯಾಗುತ್ತಲೇ ಹೊಗೆಯಾಗಿ ಬೀಗದ ಕಿಂಡಿಯಲ್ಲಿ ನುಸುಳಿ ಕಳ್ಳಕಾಕರ ಕುತ್ತಿಗೆ ಹಿಡಿಯುವುದು ಅವಳ ಕಸುಬು. ಅಷ್ಟಕ್ಕೇ ನಿಂತಿದ್ದರೆ ರಟ್ಟಪ್ಪ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಪ್ರತಿ ಪುಸ್ತಕದಲ್ಲೂ ಕೊಲೆಗಾರ ಇನ್ನೇನು ಸಿಕ್ಕೇಬಿಟ್ಟ ಅನ್ನುವಾಗ ಅವಳಿಗೆ ನಲ್ಲನ ನೆನಪಾಗುತ್ತದೆ. ಅವನೊಬ್ಬ ಪೊಲೀಸ್ ಅಧಿಕಾರಿ, ಸತ್ತು ಇನ್ನೂರು ವರ್ಷವಾದರೂ ಓಡಾಡಿಕೊಂಡಿರುವವನು.

“ಇನ್ನೂರು ವರ್ಷದಲ್ಲಿ ಅಂಗಿ ಗುಂಡಿ ಹಾಕ್ಕೊಳ್ಳೋದು ಕಲೀಲಿಲ್ಲ ನೋಡು, ದರಿದ್ರದವನು,” ಎಂದು ರಟ್ಟಪ್ಪ ಸೂಜಿಗೆ ದಾರ ಪೋಣಿಸುತ್ತ ಗೊಣಗುತ್ತಿದ್ದ.

ಗುಂಡಿ ಬಿಚ್ಚಿದ ಮೇಲೆ ದೀಪ ಆರುತ್ತದೆ. ಆಮೇಲೆ ಹತ್ತು ಹನ್ನೆರಡು ಪುಟ ಬರೀ ಉಸಿರು, ಬೆವರು, ಬೆನ್ನು.

ಹೊಸ ಪುಸ್ತಕದ ತೆಳು ಹೊದಿಕೆ ನೂರು ಕೈ ತಾಳುವುದಿಲ್ಲ. ಆದ್ದರಿಂದ ಬಂದ ಕೂಡಲೇ ಅದನ್ನು ಬಿಚ್ಚಿ, ಹಾಳೆಗಳನ್ನು ಮತ್ತೆ ಹೊಲಿದು, ಬೆನ್ನಿಗೆ ಕಾಗದ ಅಂಟಿಸಿ, ದಪ್ಪ ರಟ್ಟು ಹಾಕುವುದು ರಟ್ಟಪ್ಪನ ಕೆಲಸ. ಬಿಚ್ಚಿದ ಪುಸ್ತಕ ಕೈಯಲ್ಲಿದ್ದಾಗ ಉಸಿರು ಬೆವರಿನ ಹಾಳೆಗಳನ್ನು ಅವನು ನೀಟಾಗಿ ಕತ್ತರಿಸಿ ತೆಗೆಯುತ್ತಿದ್ದ. ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ತಿಳಿಯಬೇಕಲ್ಲ, ಅದಕ್ಕಾಗಿ ಮೊದಲು ಪೂರ್ತಿ ಓದುತ್ತಿದ್ದ. ಕೆಲವನ್ನು ಎರಡು ಸಲ. ಕತ್ತರಿಸಿದ್ದನ್ನು ಎಸೆಯುವ ಜಾಯಮಾನ ಅವನದಲ್ಲ. ಮಡಚಿ ಬೇರೆ ಪುಸ್ತಕಗಳ ಬೆನ್ನಿಗೆ ಅಂಟಿಸುತ್ತಿದ್ದ. ಪುಟಸಂಖ್ಯೆ ಹಾರಿದೆಯಲ್ಲ ಎಂದು ಯಾರಾದರೂ ಕೇಳಿದರೆ, “ಅಚ್ಚಿನ ಮನೆಯೋರಿಗೆ ಎಣಿಸೋಕೆ ಬರಲ್ಲ,” ಎಂದು ಕೈಕೊಡವುತ್ತಿದ್ದ. ಎಂಟು ಪುಸ್ತಕ ಹೀಗೆ ಹೋದವು. ಯಾರೂ ಜಗಳಕ್ಕೆ ಬರಲಿಲ್ಲ. ಆ ಪುಟಗಳಿಲ್ಲದೆಯೂ ಕತೆ ಕುಂಟಲಿಲ್ಲ ಎನ್ನುವುದೇ ಅವನ ಹೆಮ್ಮೆ.

ಒಂಬತ್ತನೆಯದಕ್ಕೆ ಅವನು ಓದುವ ಗೋಜಿಗೂ ಹೋಗಲಿಲ್ಲ. ಆ ವಾರ ಅವನ ಮೇಜಿನ ಮೇಲೆ ‘ಸನ್ನಡತೆ’ ಎಂಬ ನೀತಿಗ್ರಂಥದ ಹನ್ನೊಂದು ಸಂಪುಟಗಳಿದ್ದವು. ಕಂದು ಬಟ್ಟೆ, ಬೆನ್ನ ಮೇಲೆ ಚಿನ್ನದ ಬಣ್ಣದ ಅಕ್ಷರ, ಅವನ ಬಾಳಿನಲ್ಲೇ ಅಂಥ ಕೆಲಸವಾಗಿರಲಿಲ್ಲ. ಅದರ ನಡುವೆ ಈ ಹೊಗೆ ಬೇರೆ. ‘ದೀಪ ಆರಿತು’ ಎಂಬಲ್ಲಿಂದ ‘ಬೆಳಗಾಯಿತು’ ಎಂಬಲ್ಲಿಗೆ ಏಳು ಹಾಳೆ, ಕಣ್ಣು ಮುಚ್ಚಿಕೊಂಡು ಕತ್ತರಿಸಿ ಎಸೆದ. ಎಸೆದ ಅಂದರೆ, ಸನ್ನಡತೆಯ ಬೆನ್ನಿಗೆ ಅಂಟಿಸಿದ.

ತಿಂಗಳು ಕಳೆಯುವಷ್ಟರಲ್ಲಿ ಅಂಗಡಿಯ ಒಡತಿ ಒಂದು ಕಾಗದ ಹಿಡಿದು ಹಿಂಗೋಣೆಗೆ ಬಂದಳು. ಅವಳ ಅಪ್ಪನ ಕಾಲದಿಂದ ಇದ್ದವನೆಂದು ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದವಳು. ಹಿಂದೆಯೇ ಆಸ್ಪತ್ರೆಯ ನರ್ಸ್, ಕಂಕುಳಲ್ಲಿ ಒಂಬತ್ತನೆಯ ಪುಸ್ತಕ.

“ಚಿಕ್ಕಪ್ಪ, ಪುಟ ಹಾರಿದೆ ಅಂತ ಬರ್ದಿದ್ದಕ್ಕೆ ಪ್ರಕಾಶಕರು ಉತ್ತರ ಕೊಟ್ಟಿದ್ದಾರೆ. ಅಚ್ಚಲ್ಲಿ ಒಂದು ಪುಟಾನೂ ಬಿಟ್ಟಿಲ್ವಂತೆ. ನಿಮ್ಮ ಬೈಂಡರನ್ನೇ ಕೇಳಿ ಅಂದಿದ್ದಾರೆ.”

“ರಾತ್ರಿ ಅವನನ್ನ ತಬ್ಕೊಂಡು ಮಲಗ್ತಾಳೆ, ಬೆಳಿಗ್ಗೆ ಎದ್ದು ಅವನ ಕೈಗೇ ಕೋಳ ಹಾಕ್ತಾಳೆ,” ಎಂದಳು ನರ್ಸ್. “ಯಾಕಣ್ಣ? ಮಧ್ಯ ಏನಾಯ್ತು? ನಮ್ಮ ವಾರ್ಡಲ್ಲಿ ಇದರದ್ದೇ ಗಲಾಟೆ. ಚಾಕರಿ ಬಿಟ್ಟು ಜಗಳ ಆಡ್ತಿದ್ದಾರೆ.”

ರಟ್ಟಪ್ಪ ಕನ್ನಡಕ ತೆಗೆದು ಒರೆಸಿದ. ಸುಳ್ಳು ಅವನ ನಾಲಿಗೆಗೆ ಬಂದಿತ್ತು. ಆದರೆ ಅದನ್ನು ಇಂಥ ಪುಸ್ತಕಕ್ಕೆ ಖರ್ಚು ಮಾಡುವುದೇ ಅವಮಾನವೆನಿಸಿತು.

“ಕತ್ತರಿಸ್ದೆ. ಮರ್ಯಾದಸ್ಥರು ಓದೋ ಅಂಥದ್ದಲ್ಲ ಅದು.”

“ಎಲ್ಲಿದೆ?”

ಅವನು ಕಪಾಟಿನ ಕಡೆ ಗಲ್ಲ ಎತ್ತಿದ. ಹನ್ನೊಂದು ಕಂದು ಬೆನ್ನುಗಳು ಸಾಲಾಗಿ ನಿಂತಿದ್ದವು. ಒಡತಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವಳು ದನಿ ಏರಿಸಲಿಲ್ಲ. ಅದೇ ರಟ್ಟಪ್ಪನಿಗೆ ಕುತ್ತಿಗೆಗೆ ಬಂತು.

“ಪ್ರತಿಗಳೆಲ್ಲ ಮುಗಿದಿವೆಯಂತೆ, ಮರುಮುದ್ರಣ ಬರೋದು ಇನ್ನೊಂದು ವರ್ಷಕ್ಕೆ. ಅಲ್ಲೀವರೆಗೂ ಈ ಓದುಗರು ನನ್ನ ಅಂಗಡಿ ಮೆಟ್ಟಿಲು ಹತ್ತಲ್ಲ. ನಾಳೆ ಸಂಜೆಯೊಳಗೆ ಆ ಹಾಳೆಗಳು ಅದರ ಜಾಗದಲ್ಲಿರ್ಬೇಕು ಚಿಕ್ಕಪ್ಪ. ಇಲ್ಲಾಂದ್ರೆ ಈ ಮೇಜು ಖಾಲಿ ಮಾಡಿ.”

“ಸನ್ನಡತೆ ಹಾಳಾಗ್ತದಲ್ಲಮ್ಮ!”

“ಬಂದಾಗಿಂದ ಅದನ್ನ ಒಬ್ರಾದ್ರೂ ಕೇಳಿದ್ದಾರಾ?”

ಮಾರನೆಯ ದಿನ ಬೆಳಿಗ್ಗೆ ಅವನು ಒದ್ದೆ ಬಟ್ಟೆ, ಮೊಂಡು ಚಾಕು ಇಟ್ಟುಕೊಂಡು ಕುಳಿತ. ಮೊದಲನೆಯ ಸಂಪುಟದ ರಟ್ಟು ಕೀಳುವಾಗ ತನ್ನ ಚರ್ಮವನ್ನೇ ಕಿತ್ತ ಹಾಗಾಯಿತು. ಬೆನ್ನಿಗೆ ಒದ್ದೆ ಬಟ್ಟೆ ಸುತ್ತಿ, ಅಂಟು ನೆನೆಯಲು ಕಾದು, ತುದಿ ಹಿಡಿದು ನಿಧಾನವಾಗಿ ಎಬ್ಬಿಸಿದ. ಒಳಗಿದ್ದುದು ಹಳೆಯ ಪಂಚಾಂಗದ ಕಾಗದ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ, ‘ತಾಳ್ಮೆ’ಯ ಸಂಪುಟದ ಬೆನ್ನಲ್ಲಿ, ಅಧಿಕಾರಿಯ ಬರಿಯ ಎದೆ ಕಾಣಿಸಿಕೊಂಡಿತು. ಏಳೂ ಹಾಳೆ ಸಿಗುವಷ್ಟರಲ್ಲಿ ಒಂಬತ್ತು ಸಂಪುಟಗಳ ಬೆನ್ನು ಮುರಿದಿತ್ತು.

ಹಾಳೆಗಳನ್ನು ಒಣಗಿಸಿ ಸರದಿಯಲ್ಲಿ ಜೋಡಿಸಬೇಕಾದರೆ ಈಗ ಓದಲೇಬೇಕು. ಓದಿದ. ಕತ್ತಲಲ್ಲಿ ಹೊಗೆಹೆಣ್ಣು ನಲ್ಲನ ಬಾಯಿಗೆ ಬಾಯಿಟ್ಟು ಹೊಗೆಯಾಗುತ್ತಾಳೆ, ಅವನ ಉಸಿರಿನ ಜೊತೆ ಎದೆಗಿಳಿಯುತ್ತಾಳೆ. ಇನ್ನೂರು ವರ್ಷದಿಂದ ಬಡಿಯದ ಆ ಎದೆಯೊಳಗೆ ಒಂಬತ್ತು ಪುಸ್ತಕಗಳಲ್ಲಿ ಸತ್ತವರ ದನಿಗಳೆಲ್ಲ ಕೇಳಿಸುತ್ತವೆ. ಕೊಂದವನು ಅವನೇ. ಗೊತ್ತಾದ ಮೇಲೂ ಅವಳು ಬೆಳಗಿನವರೆಗೆ ಅವನ ಎದೆಯೊಳಗೇ ಇರುತ್ತಾಳೆ.

“ಥೂ, ಪೊಲೀಸು ಕೆಲಸಾನ ಇದು?” ಎಂದ ರಟ್ಟಪ್ಪ. ಏಳು ಹಾಳೆಗಳನ್ನೂ ಅಂಚಿಗೆ ತೆಳುವಾಗಿ ಅಂಟು ಸವರಿ, ಕೂದಲೆಳೆ ಆಚೀಚೆಯಾಗದಂತೆ ಕೂರಿಸಿದ. ಕೆಲಸ ಕೆಲಸವೇ.

ಸಂಜೆ ನರ್ಸ್ ಬಂದು ನಿಂತಲ್ಲೇ ಓದಿದಳು. ಒಡತಿ ಗಲ್ಲಾದ ಹಿಂದಿನಿಂದ ನೋಡುತ್ತಿದ್ದಳು. ರಟ್ಟಪ್ಪ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ, ಅವಳ ಮುಖ ನಾಚಿಕೆಯಿಂದ ಕೆಂಪೇರುವುದನ್ನು ಕಾಯುತ್ತ. ಅವಳು ಕೊನೆಯ ಹಾಳೆ ತಿರುವಿ ಆಕಳಿಸಿದಳು.

“ಕೊಲೆಗಾರ ಗೊತ್ತಾಯ್ತು, ಒಳ್ಳೇದಾಯ್ತು. ಆದ್ರೆ ಉಳಿದದ್ದು ಇಷ್ಟೇನಾ?”

“ಇಷ್ಟೇನಾ ಅಂದ್ರೆ?”

“ಇಷ್ಟು ವರ್ಷ ಅದ್ರಲ್ಲಿ ಏನೋ ಭಾರೀ ಇದ್ದಿರ್ಬೇಕು ಅಂದ್ಕೊಂಡಿದ್ವಿ. ಪುಟ ಹಾರಿದ ಕಡೆಯೆಲ್ಲ ನಮ್ಮ ಹುಡುಗೀರೇ ಸರದಿ ಮೇಲೆ ಹೇಳೋರು, ಏನೇನಾಗಿರ್ಬೋದು ಅಂತ. ನಮ್ಮ ಹಿರೀ ಆಯಮ್ಮ ಹೇಳೋದು ಕೇಳಿದ್ರೆ ನೀವು ನಿಮ್ಮ ಚಾಕೂನೇ ನುಂಗ್ಬಿಡ್ತೀರಿ ಅಣ್ಣ. ಇವನೇನು, ಬರೀ ಉಸಿರು ಬಿಡ್ತಾನೆ!”

ಒಡತಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಸುಧಾರಿಸಿಕೊಂಡು ನರ್ಸನ್ನು ಕೇಳಿದಳು: “ಹಳೇ ಎಂಟರದ್ದೂ ಹುಡುಕಿ ಅಂಟಿಸೋಕೆ ಹೇಳ್ಲಾ?”

“ಅಯ್ಯೋ ಬೇಡ! ಅವು ಹಾಗೇ ಚೆಂದ. ಹತ್ತನೇದು ಬಂದ್ರೂ ಕತ್ತರಿಸಿ ಅಣ್ಣ, ಕೊಲೆಗಾರನ್ನ ಮಾತ್ರ ಬಿಟ್ಬಿಡಿ. ನಿಮ್ಮಷ್ಟು ಚೆನ್ನಾಗಿ ಎಲ್ಲಿ ನಿಲ್ಲಿಸ್ಬೇಕು ಅಂತ ಆ ಬರೆಯೋನಿಗೂ ಗೊತ್ತಿಲ್ಲ.”

“ಕೇಳಿದ್ರಲ್ಲ ಚಿಕ್ಕಪ್ಪ,” ಎಂದಳು ಒಡತಿ. “ಮೇಜು ನಿಮ್ಮದೇ.”

ಮೇಜು ಉಳಿಯಿತು. ಅದು ಉಳಿದ ಬಗೆ ಮಾತ್ರ ಅವನ ಗಂಟಲಿನಿಂದ ಕೆಳಗಿಳಿಯಲಿಲ್ಲ. ಎಂಟು ಪುಸ್ತಕಗಳನ್ನು ತೊಳೆದು ಶುದ್ಧ ಮಾಡಿದೆ ಎಂದುಕೊಂಡು ಅವನು ಎದೆಯುಬ್ಬಿಸಿ ನಡೆದಿದ್ದ. ಅತ್ತ ಆಸ್ಪತ್ರೆಯ ಒಂದಿಡೀ ವಾರ್ಡು ಅವನ ಚಾಕು ಮಾಡಿದ ಕಿಂಡಿಗಳಲ್ಲಿ ಕೂತು ಚಪ್ಪರಿಸುತ್ತಿತ್ತು. ಯಾವುದಕ್ಕೆ ಹೇಸಿದ್ದನೋ ಅದಕ್ಕೆ ತಾನೇ ಉಪ್ಪು ಖಾರ ಹಾಕಿ ಕೊಟ್ಟಿದ್ದ.

ಮಳೆಗಾಲ ಮುಗಿಯುವಾಗ ಹತ್ತನೆಯದು ಬಂತು. ಒಡತಿ ಅದನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಚಾಕು ಸರಿಸಿ ಹೋದಳು. ರಟ್ಟಪ್ಪ ಹೊದಿಕೆ ಬಿಚ್ಚಿದ. ಮೊದಲಿನಿಂದ ಕೊನೆಯವರೆಗೆ ಓದಿದ. ಸೆರೆಮನೆಯಲ್ಲೂ ಅಧಿಕಾರಿಯ ಗುಂಡಿ ಬಿಚ್ಚಿತ್ತು. ದೀಪ ಆರಿತು. ಹದಿನಾರು ಪುಟ ಉಸಿರು.

ಚಾಕುವನ್ನು ಒರೆಸಿ ಡ್ರಾಯರಿನೊಳಗಿಟ್ಟ. ಸೂಜಿಗೆ ದಾರ ಪೋಣಿಸಿ, ಹದಿನಾರು ಪುಟಗಳನ್ನೂ ಸೇರಿಸಿ, ಒಂದೂ ಹಾಳೆ ಕದಲದ ಹಾಗೆ, ತನ್ನ ಜೀವಮಾನದಲ್ಲೇ ಅತ್ಯಂತ ಬಿಗಿಯಾದ ಹೊಲಿಗೆ ಹಾಕಿದ.

“ಓದಿ ಸಾಯ್ಲಿ,” ಎಂದ. “ಇರೋದನ್ನಷ್ಟೇ ಓದಿ ಸಾಯ್ಲಿ.”