ಮಲ್ಲಿ ನೋಡುತ್ತಿದ್ದ ಮೂಲೆ

ಶಾಸನಗಳ ಕಾಲನಿರ್ಣಯ ನನ್ನ ವೃತ್ತಿಯಾಗಿತ್ತು. ತಿಥಿಯೂ ವಾರವೂ ಹೊಂದದಿದ್ದರೆ ಆ ಶಾಸನವನ್ನು ನಂಬದೆ ಪಕ್ಕಕ್ಕಿಡುವುದು ನನ್ನ ರೂಢಿ. ಅಲೌಕಿಕವೆಂದು ಜನ ಹೇಳುವ ಸಂಗತಿಗಳನ್ನೂ ನಾನು ಹಾಗೆಯೇ ಪಕ್ಕಕ್ಕಿಡುತ್ತಿದ್ದೆ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಎರಡು ಸಲ ಕೇಳಿದರೆ ಅವುಗಳಲ್ಲಿ ಬಹುಪಾಲು ಕರಗಿಹೋಗುತ್ತವೆ. ಈಗ ಬರೆಯುತ್ತಿರುವುದು ಹಾಗೆ ಕರಗದೆ ಉಳಿದದ್ದು. ನನ್ನ ದಿನಚರಿಯನ್ನೂ ಲಾಯದ ನೋಟುಪುಸ್ತಕವನ್ನೂ ಮತ್ತೆ ಮತ್ತೆ ತಾಳೆ ನೋಡಿದ್ದೇನೆ. ಸಂಬಂಧಪಟ್ಟ ಕುಟುಂಬ ಇದೇ ಊರಿನಲ್ಲಿರುವುದರಿಂದ ಹೆಸರನ್ನು ಬದಲಿಸಿದ್ದೇನೆ, ತಾರೀಖುಗಳನ್ನು ಕೊಡುತ್ತಿಲ್ಲ. ಓದುಗರಿಗೆ ವಾರಗಳು ಸಾಕು.

ನಾನು ದಿನವೂ ಕಾಫಿ ಕುಡಿಯುತ್ತಿದ್ದ ಮಾಂಬಲದ ಹೋಟೆಲಿನ ಯಜಮಾನರು ಕುಂದಾಪುರದ ಕಡೆಯವರು. ಅವರ ಮಗ ವಾಸು ಗಲ್ಲಾದಲ್ಲಿ ಕೂರಲು ಒಪ್ಪದೆ ಕುದುರೆಗಳ ಹಿಂದೆ ಹೋದವನು. ನಲವತ್ತರ ಆಚೀಚೆಯ ವಯಸ್ಸು. ತಾಂಬರಂನ ಆಚೆ ಒಂದು ಸವಾರಿ ಶಾಲೆಯಲ್ಲಿ ಅವನು ತರಬೇತುದಾರ. ಅಲ್ಲಿಗೆ ಬಂದಿದ್ದ ಮಲ್ಲಿ ಎಂಬ ಕಂದು ಹೆಣ್ಣುಕುದುರೆ ಕೊಡೆ ಬಿಚ್ಚಿದರೆ, ಟಾರ್ಪಾಲು ಪಟಪಟಿಸಿದರೆ ಹುಚ್ಚೆದ್ದು ನುಗ್ಗುತ್ತಿತ್ತು. ಒಬ್ಬನ ಸೊಂಟ ಮುರಿದಿತ್ತು. ತಿಂಗಳ ಕೊನೆಯೊಳಗೆ ಅದರ ಹೆದರಿಕೆ ಹೋಗದಿದ್ದರೆ ಇಂಜೆಕ್ಷನ್ ಕೊಟ್ಟು ಮುಗಿಸುವುದೆಂದು ಮಾಲೀಕರು ತೀರ್ಮಾನಿಸಿದ್ದರು.

"ಸಾರ್, ನನ್ನ ಎರಡು ಕೈಯಲ್ಲೂ ಹಗ್ಗ ಇರ್ತದೆ. ಬರೆಯುವವರು ಬೇಕು. ನೀವು ಚುಮ್ಮಾ ಕೂತು ಸತ್ತ ರಾಜರ ಲೆಕ್ಕ ಬರೀತೀರಿ. ಬದುಕಿರೋ ಕುದುರೆದು ಬರೀರಿ ಮಾರಾಯ್ರೆ," ಎಂದ ವಾಸು. ಹೀಗೆ ನಾನು ಬೆಳಗಿನ ಎಲೆಕ್ಟ್ರಿಕ್ ರೈಲು ಹಿಡಿದು ಅಲ್ಲಿಗೆ ಹೋಗತೊಡಗಿದೆ.

ಅವನ ಕ್ರಮ ಸರಳವಾಗಿತ್ತು. ಕುದುರೆಯ ಮೇಲೆ ಏರದೆ, ಉದ್ದನೆಯ ಹಗ್ಗ ಹಿಡಿದು ನೆಲದ ಮೇಲೆಯೇ ಕೆಲಸ. ಹೆದರಿಸುವ ವಸ್ತುವನ್ನು ದೂರದಿಂದ ತೋರಿಸಬೇಕು. ಕುದುರೆ ಚಡಪಡಿಸುತ್ತಿರುವಾಗ ಅದನ್ನು ಮರೆಮಾಡಬಾರದು. ಕುದುರೆ ನಿಂತು, ತಲೆ ತಗ್ಗಿಸಿ, ತುಟಿ ನೆಕ್ಕಿದ ಕ್ಷಣವೇ ವಸ್ತುವನ್ನು ಹಿಂದಕ್ಕೆ ತೆಗೆಯಬೇಕು. ಸುಮ್ಮನಿದ್ದರೆ ಬಿಡುಗಡೆ ಎಂಬುದೇ ಪಾಠ. ಎಡಗಣ್ಣಿಗೆ ಕಲಿಸಿದ್ದನ್ನು ಬಲಗಣ್ಣಿಗೆ ಮೊದಲಿನಿಂದ ಕಲಿಸಬೇಕು. ನನ್ನ ಪುಸ್ತಕದಲ್ಲಿ ಅಂಕಣಗಳಿದ್ದವು: ವಸ್ತು, ಯಾವ ಕಣ್ಣು, ಎಷ್ಟು ಹೆಜ್ಜೆ ದೂರ, ಶಾಂತವಾಗಲು ಹಿಡಿದ ಹೊತ್ತು. ಕೊಡೆ, ಗೋಣಿಚೀಲ, ನೀಲಿ ಟಾರ್ಪಾಲು, ತಗಡಿನ ಡಬ್ಬಿ ಎಲ್ಲವನ್ನೂ ಮಲ್ಲಿ ಒಂದೊಂದಾಗಿ ಒಪ್ಪಿಕೊಂಡಿತು.

ಆಮೇಲೆ ಒಂದು ಗುರುವಾರ, ಆವರಣದ ಈಶಾನ್ಯ ಮೂಲೆಯ ಕಡೆ ನಡೆಸುವಾಗ ಅದು ಹಠಾತ್ತನೆ ನಿಂತು ನಡುಗಿತು. ಅಲ್ಲಿದ್ದುದು ಒಣ ಮರಳು, ಬೇಲಿಯ ಒಂದು ಕಬ್ಬಿಣದ ಕಂಬ, ಅಷ್ಟೇ. ಎಡಗಣ್ಣಿಗೆ ಏನೂ ಇಲ್ಲ. ಬಲಗಣ್ಣು ಆ ಕಡೆ ತಿರುಗಿದೊಡನೆ ಮೈಯೆಲ್ಲ ಬೆವರುತ್ತಿತ್ತು. ಅದರ ನೋಟ ಕಂಬದ ಮೇಲಿರಲಿಲ್ಲ, ಕಂಬದ ಬುಡದಲ್ಲಿ ನೆಲದ ಮೇಲಿತ್ತು. ಇದನ್ನು ಅಂದೇ ಬರೆದಿದ್ದೇನೆ: "ಬಿದ್ದಿರುವುದೇನನ್ನೋ ನೋಡುವಂತೆ."

"ವಸ್ತು ಅಂತ ಏನು ಬರೆಯೋದಪ್ಪಾ?" ಎಂದು ಕೇಳಿದೆ.

"ಏನೂ ಇಲ್ಲ ಅಂತಲೇ ಬರೀರಿ. ಇಲ್ಲದ್ದಕ್ಕೆ ಹೆದರುವವರು ನಮ್ಮಲ್ಲೂ ಇದ್ದಾರಲ್ಲ ಸಾರ್, ಅವರಿಗೆ ಯಾರೂ ಇಂಜೆಕ್ಷನ್ ಕೊಡೋದಿಲ್ಲ."

ಮೂರನೆಯ ದಿನ ಅವನ ನಗು ಇಂಗಿತ್ತು. "ಆ ಮೂಲೆ ಬಿಟ್ಟುಬಿಡೋಣ ಸಾರ್. ಇದು ಸುಮ್ಮನೆ ಮಾಡ್ತಿಲ್ಲ," ಎಂದ. ಬಿಡಬಾರದೆಂದು ಹೇಳಿದವನು ನಾನು. ಪುಸ್ತಕದಲ್ಲಿ ಒಂದು ಮೂಲೆ ಖಾಲಿ ಉಳಿದರೆ ಮಾಲೀಕರು ಆ ಮೂಲೆಯನ್ನೇ ಕೇಳುತ್ತಾರೆ, ಕುದುರೆಯ ಜೀವ ಹೋಗುತ್ತದೆ ಎಂದು ವಾದಿಸಿದೆ. ವಾದ ಸರಿಯಾಗಿಯೇ ಇತ್ತು. ಬೇರೆಲ್ಲ ವಸ್ತುಗಳಿಗೆ ಮಾಡಿದಂತೆಯೇ ಆ ಬರಿಯ ನೆಲಕ್ಕೂ ಮಾಡಿದೆವು: ಹತ್ತಿರ ನಡೆಸುವುದು, ಸುಮ್ಮನಾದೊಡನೆ ಹಿಂದಕ್ಕೆ ಕರೆದೊಯ್ಯುವುದು. ಹದಿನಾಲ್ಕು ಹೆಜ್ಜೆ, ಹತ್ತು, ಆರು. ಒಂಬತ್ತನೆಯ ದಿನ ಶುಕ್ರವಾರ. ಅಂದು ಮಲ್ಲಿ ಮೂರು ಹೆಜ್ಜೆ ದೂರದಲ್ಲಿ ನಿಂತು, ತಲೆ ತಗ್ಗಿಸಿ, ಕಂಬದ ಬುಡವನ್ನೇ ನೋಡುತ್ತ ತುಟಿ ನೆಕ್ಕಿತು. ವಾಸು ಅದರ ಕತ್ತು ತಟ್ಟಿ, "ಸಾಕು ಮಗಳೇ, ಗೆದ್ದೆ," ಎಂದ.

ಶನಿವಾರ ಜೋರು ಮಳೆ. ಪಾಠವಿರಲಿಲ್ಲ. ಆವರಣದಲ್ಲಿ ನಿಂತ ನೀರು ಹೊರಹಾಕಲು ಅಂದು ಸಂಜೆ ಪಂಪು ತರಿಸಿ, ಅದರ ತಂತಿಯನ್ನು ಬೇಲಿಯುದ್ದಕ್ಕೂ ಎಳೆದು ಆ ಮೂಲೆಯ ಕಂಬಕ್ಕೆ ಕಟ್ಟಿದರು.

ಭಾನುವಾರ ಬೆಳಿಗ್ಗೆ ಏಳೂಕಾಲಕ್ಕೆ ನಾನು ಪುಸ್ತಕ ತೆರೆದಿದ್ದೆ. ಮೂಲೆಯನ್ನು ದಾಟಿಸುವುದೊಂದು ಬಾಕಿ ಎಂದು ವಾಸು ಮಲ್ಲಿಯನ್ನು ಮೂರು ಹೆಜ್ಜೆ ಹಿಂದೆ ನಿಲ್ಲಿಸಿ, ಹಗ್ಗ ಸಡಿಲ ಬಿಟ್ಟು ತಾನು ಮುಂದೆ ಹೋದ. ಒದ್ದೆ ಮರಳಿನಲ್ಲಿ ಕಾಲು ಜಾರಿ ಕಂಬವನ್ನು ಹಿಡಿದ. ಅವನು ಕೂಗಲಿಲ್ಲ. ಹಗ್ಗ ಅವನ ಕೈಯಿಂದ ಕಳಚಿತು. ಅವನು ಕಂಬದ ಬುಡದಲ್ಲಿ ಬಿದ್ದ. ನಾನು ಓಡಿದಾಗ ಲಾಯದ ಆಳು ಮುರುಗನ್, "ತೊಡಾದೀಂಗ ಸಾರ್! ಕರೆಂಟ್!" ಎಂದು ಕಿರುಚಿ, ಮುಟ್ಟಗೊಡದೆ ನನ್ನನ್ನು ಹಿಂದಕ್ಕೆಳೆದು, ಮೇನ್ ಆರಿಸಲು ಓಡಿದ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ಗದ್ದಲದಲ್ಲಿ ಮಲ್ಲಿ ಒಂದು ಹೆಜ್ಜೆಯನ್ನೂ ಕದಲಿಸಲಿಲ್ಲ. ತಲೆ ತಗ್ಗಿಸಿ, ಬಲಗಣ್ಣಿನಿಂದ ಅವನನ್ನು ನೋಡುತ್ತ ತುಟಿ ನೆಕ್ಕಿತು. ಅದಕ್ಕೆ ಅಲ್ಲಿ ಹೊಸದೇನೂ ಕಂಡಂತಿರಲಿಲ್ಲ.

ಕುದುರೆಗಳಿಗೆ ನೆಲಕ್ಕೆ ಸೋರುವ ವಿದ್ಯುತ್ತು ನಮಗಿಂತ ಮೊದಲು ತಿಳಿಯುತ್ತದೆಂದು ಪಶುವೈದ್ಯರೊಬ್ಬರು ನನಗೆ ಸಮಾಧಾನ ಹೇಳಿದರು. ನಾನೂ ಆ ವಿವರಣೆಯನ್ನು ಆಸೆಯಿಂದ ಹಿಡಿದುಕೊಂಡೆ. ಆದರೆ ದಿನಗಳು ಒಪ್ಪುವುದಿಲ್ಲ. ತಂತಿ ಬಂದದ್ದು ಶನಿವಾರ ಸಂಜೆ. ಮಲ್ಲಿ ಮೊದಲು ನಡುಗಿದ್ದು ಅದಕ್ಕೆ ಒಂಬತ್ತು ದಿನ ಮುಂಚಿನ ಗುರುವಾರ, ಒಣ ನೆಲದಲ್ಲಿ. ಆ ಶನಿವಾರಕ್ಕೆ ಮೊದಲು ಬೇಲಿಯ ಬಳಿ ಯಾವ ತಂತಿಯೂ ಇರಲಿಲ್ಲವೆಂದು ಮುರುಗನ್‌ನನ್ನೂ ತಂತಿ ಎಳೆದವನನ್ನೂ ಬೇರೆಬೇರೆಯಾಗಿ ಕೇಳಿ ತಿಳಿದಿದ್ದೇನೆ.

ಸತ್ತವನ ಪಕ್ಕದಲ್ಲಿ ಅಲುಗದೆ ನಿಂತ ಕುದುರೆಯಿಂದ ಅಪಾಯವಿಲ್ಲವೆಂದು ಮಾಲೀಕರು ಮಲ್ಲಿಯನ್ನು ಉಳಿಸಿಕೊಂಡರು. ನನ್ನ ಪುಸ್ತಕವನ್ನೂ ಕೇಳಿ ಓದಿದರು. ಮಲ್ಲಿ ಉಳಿಯಲಿ ಎಂಬುದೇ ವಾಸು ಬಯಸಿದ್ದು.

ಕಳೆದ ತಿಂಗಳು ಅಲ್ಲಿಗೆ ಹೋಗಿದ್ದೆ. ಮಲ್ಲಿ ಬೇಲಿಯ ತನಕ ಬಂದು, ನನ್ನ ಮುಂದೆ ಶಾಂತವಾಗಿ ನಿಂತಿತು. ಆ ಶಾಂತಿಯಿಂದ ನನಗೆ ನೆಮ್ಮದಿ ದೊರೆಯಲಿಲ್ಲ. ಏನು ಕಂಡರೂ ಸುಮ್ಮನಿರುವುದನ್ನು ಅದಕ್ಕೆ ಕಲಿಸಿದವರು ನಾವೇ.