ಮುಚ್ಚಳ ಬಿಚ್ಚಿದ ಮಧ್ಯಾಹ್ನ

ನಮ್ಮ ಮನೆಯವರದು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಜೋಡಿಸುವ ಕೆಲಸ. ದುಡಿಯುತ್ತಿದ್ದ ಪ್ರೆಸ್ಸು ಮುಚ್ಚಿದಾಗ ಅಲ್ಲಿನ ಕಂಪ್ಯೂಟರನ್ನು ಹೊತ್ತು ತಂದು ಮುಂದಿನ ಕೋಣೆಯಲ್ಲಿ ಕೂರಿಸಿದವರು, ಅಂದಿನಿಂದ ಅದರ ಮುಂದೆಯೇ ಬೇರು ಬಿಟ್ಟಿದ್ದಾರೆ. ಅದರ ಮೇಲೆ ಲೋಟ ಇಟ್ಟರೆ ನನ್ನ ಮೇಲೆ ಹರಿಹಾಯುತ್ತಾರೆ. ಮದುವೆಯಾದ ಹೊಸತರಲ್ಲೂ ನನ್ನನ್ನು ಇಷ್ಟು ಜೋಪಾನ ಮಾಡಿದವರಲ್ಲ.

ಆ ದಿನ ಮ್ಯೂಸಿಯಮ್ಮಿನವರ ಹಕ್ಕಿಗಳ ಪುಸ್ತಕ ಸಂಜೆಯೊಳಗೆ ಮುಗಿಯಬೇಕಿತ್ತು. ತಪ್ಪಿದರೆ ಮ್ಯೂಸಿಯಮ್ಮಿನ ಕೆಲಸವೆಲ್ಲ ದೊಡ್ಡ ಪ್ರೆಸ್ಸಿನ ಪಾಲು. ಇವರ ಕೈಯಲ್ಲಿ ಉಳಿದಿದ್ದುದೇ ಅದೊಂದು ಕೆಲಸ. ಕಂಪ್ಯೂಟರೋ, ಒಂದು ಚಿತ್ರ ಇಡುವಷ್ಟರಲ್ಲಿ ಕಲ್ಲಾಗಿ ನಿಲ್ಲುತ್ತಿತ್ತು. ಮೆಮೊರಿ ಸಾಲದು, ಇನ್ನೊಂದು ರ‍್ಯಾಮ್ ಹಾಕಿ ಎಂದು ರಿಪೇರಿಯವನು ಹೇಳಿದ್ದ. ಬಾಚಣಿಗೆಯಂಥ ಆ ಪಟ್ಟಿಯನ್ನು ಅವನಿಂದ ನಾನೇ ತಂದಿಟ್ಟಿದ್ದೆ. ಇವರು ಮಾತ್ರ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. ಹಿಂದೊಮ್ಮೆ ಮುಚ್ಚಳ ಬಿಚ್ಚಿದಾಗ ಅದು ಎರಡು ದಿನ ಕಣ್ಣು ಬಿಟ್ಟಿರಲಿಲ್ಲ. ಇವತ್ತೂ ಹಾಗಾದರೆ ಪುಸ್ತಕ ಕೈತಪ್ಪಿತು. ಬಿಚ್ಚದಿದ್ದರೆ ಸಂಜೆಯೊಳಗೆ ಮುಗಿಯುವ ಮಾತೇ ಇಲ್ಲ.

ಬಡಿಸಿದ ಊಟ ತಟ್ಟೆಯಲ್ಲೇ ಆರುತ್ತಿತ್ತು. ಪರದೆ ಮತ್ತೆ ನಿಂತಿತು. ಅವರು ಎದ್ದರು.

"ಸ್ವಿಚ್ಚು ನೀನೇ ಆರಿಸು. ನಂಗೆ ಕೈ ಬರ್ತಿಲ್ಲ."

ನಾನೇ ಆರಿಸಿದೆ. ಅವರು ವೈರುಗಳನ್ನೆಲ್ಲ ಕಿತ್ತು ಪೆಟ್ಟಿಗೆಯನ್ನು ಮಂಚದ ಮೇಲೆ ಮಲಗಿಸಿ ಮುಚ್ಚಳ ಬಿಚ್ಚಿದರು. ಹಳೆಯ ರ‍್ಯಾಮಿನ ಹಳದಿ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರು. ಅದು ಪ್ರೆಸ್ಸಿನಲ್ಲಿ ಕಲಿತ ವೈದ್ಯ. ಹಳೆಯದು, ಹೊಸದು ಎರಡನ್ನೂ ಒತ್ತಿ ಕೂರಿಸಿ, ಪೆಟ್ಟಿಗೆಯನ್ನು ಮೇಜಿಗೇರಿಸಿ, ವೈರು ಸಿಕ್ಕಿಸಿ ಗುಂಡಿ ಒತ್ತಿದರು. ಒಳಗೆ ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಬಿಚ್ಚಿ ಮತ್ತೆ ಉಜ್ಜಿದರು, ಮತ್ತೆ ಒತ್ತಿದರು. ಆಗಲೂ ಕಪ್ಪು.

ಮಂಚದ ಅಂಚಿನಲ್ಲಿ ಕುಸಿದು ಕೂತರು.

"ನಂಗೆ ಬೇರೆ ಏನೂ ಬರಲ್ಲ ಕಣೇ," ಎಂದರು.

ಇಷ್ಟು ವರ್ಷದ ಸಂಸಾರದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. ಭಯವಾಯಿತು. ತಲೆ ತಗ್ಗಿಸಿದೆ. ಮೇಜಿನ ಹಿಂದೆ ಪರದೆಯ ವೈರು ಜೋತಾಡುತ್ತಿತ್ತು.

"ರೀ, ಇದನ್ನ ಸಿಕ್ಕಿಸೇ ಇಲ್ವಲ್ರೀ."

ಸಿಕ್ಕಿಸಿದ ಕೂಡಲೇ ಪರದೆ ಬೆಳಗಿತು. ಹಕ್ಕಿಗಳು ಒಂದರ ಹಿಂದೊಂದು ತಡವರಿಸದೆ ಬಂದು ಕೂತವು. ಅವರು ತೋಳಿನಿಂದ ಕಣ್ಣೊರೆಸಿಕೊಂಡು, ಇದನ್ನು ಯಾರಿಗೂ ಹೇಳಬೇಡ ಎಂದು ತಾಕೀತು ಮಾಡಿ ಕೆಲಸಕ್ಕೆ ಕೂತರು. ಸಂಜೆಗೆ ಪುಸ್ತಕ ಹೊರಟಿತು.

ವೈರಿನ ಸಂಗತಿಯನ್ನು ಮರುದಿನವೇ ನಾದಿನಿಗೆ ಹೇಳಿದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ವೈರು ಕಣ್ಣಿಗೆ ಬೀಳುವ ಮುಂಚೆ ಮಂಚದ ಮೇಲೆ ಕೂತು ಅವರಾಡಿದ ಮಾತನ್ನು ಅವಳಿಗೂ ಹೇಳಲಿಲ್ಲ.