ಕಲಾಯಿ ಹಾಕಿಸಿದ ತಗಡು

ಸವಿತಾ, ಆ ಸೋಮವಾರ ಪ್ರಯೋಗಕ್ಕೆ ಇಟ್ಟ ತಗಡು ನೀನು ಮಾಡಿದ್ದಲ್ಲ. ನೀನು ಮಾಡಿದ್ದನ್ನು ನಾನು ಹಾಳು ಮಾಡಿದ್ದೆ. ಅದರ ಜಾಗದಲ್ಲಿ ಬೇರೊಂದನ್ನು ಇಟ್ಟೆ — ಯಾರಿಗೂ ಹೇಳಲಿಲ್ಲ. ಆರು ವರ್ಷವಾಯಿತು.

ಈ ಕಾಗದವನ್ನು ನಿನ್ನ ಜೊತೆಗೆ ಬೇರೆಯವರೂ ಓದಬೇಕು. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಾನು ಗಿರಿಜಾ, ದಾವಣಗೆರೆಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ನೀನು ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು. ಕಾರ್ಬನ್ ಡೈಆಕ್ಸೈಡನ್ನು ಉಪ್ಪಿನ ದ್ರಾವಣದೊಳಗೆ ಹಾಯಿಸಿ, ಅದರಲ್ಲಿ ಮುಳುಗಿಸಿದ ತಗಡಿಗೆ ಕರೆಂಟು ಕೊಟ್ಟು ಫಾರ್ಮಿಕ್ ಆಮ್ಲ ತೆಗೆಯುವುದು ನಿನ್ನ ಕೆಲಸ. ತಗಡು ತಾಮ್ರದ್ದು, ಮೇಲೆ ತವರದ ತೆಳು ಲೇಪ.

“ಕೆಂಪಿರುವೆ ಕಚ್ಚಿದ್ರೆ ಉರಿತೈತಲ್ಲ ಅಕ್ಕ, ಅದೇ ಆಮ್ಲ. ಚರ್ಮ ಹದ ಮಾಡೋರಿಗೆ ಬೇಕು, ಬಣ್ಣ ಹಾಕೋರಿಗೆ ಬೇಕು. ನಾಳೆ ಹೊಗೆನೂ ಮಾರ್ತೀವಿ, ನೋಡ್ತಿರ್ರಿ!” ಎಂದು ನೀನು ನಕ್ಕಿದ್ದೆ.

ಆದರೆ ಕರೆಂಟಿನ ಹೆಚ್ಚು ಪಾಲು ನೀರನ್ನು ಒಡೆದು ಬರೀ ಹೈಡ್ರೋಜನ್ ಮಾಡಿ ಹೋಗುತ್ತಿತ್ತು. ಎಷ್ಟು ಪಾಲು ಆಮ್ಲಕ್ಕೆ ಹೋಯಿತು — ಆ ಒಂದು ಅಂಕಿಗಾಗಿ ನೀನು ತಗಡಿನ ಮೇಲೆ ತಗಡು ಮಾಡುತ್ತಿದ್ದೆ.

ಆ ಶನಿವಾರ ನಿನಗೆ ಜ್ವರ. ಹೊಸ ತಗಡನ್ನು ನನ್ನ ಕೈಗೆ ಕೊಟ್ಟು, ನೀರು ಬೆರೆಸಿ ತೆಳುಮಾಡಿದ ಆಮ್ಲದಲ್ಲಿ ಒಂದು ನಿಮಿಷ ಅದ್ದಿ, ತೊಳೆದು ಒಣಗಿಸಿಡಲು ಹೇಳಿ ನೀನು ಮನೆಗೆ ಹೋದೆ. ನಾನು ತಪ್ಪಿ ನೀರು ಬೆರೆಸದ ಆಮ್ಲದ ಬಾಟಲಿ ಎತ್ತಿಕೊಂಡು, ಅದರಲ್ಲಿ ತಗಡನ್ನು ಅದ್ದಿದೆ. ಅಷ್ಟರಲ್ಲಿ ಬಾತಿ ಊರಿನಿಂದ ತಂಗಿಯ ಫೋನು. ಮದುವೆ ಸೀರೆಯ ಬಣ್ಣದ ಮಾತು. ತಿರುಗಿ ಬಂದಾಗ ತವರವೆಲ್ಲ ಕರಗಿತ್ತು, ತಾಮ್ರ ಕೆಂಪಗೆ ಕಾಣುತ್ತಿತ್ತು. ನನ್ನದು ವರ್ಷ ವರ್ಷ ಮುಂದುವರಿಸುವ ಗುತ್ತಿಗೆ ಕೆಲಸ. ಅದನ್ನು ನೆಪವೆಂದು ಬರೆಯುತ್ತಿಲ್ಲ. ಆಗ ತಲೆಗೆ ಬಂದದ್ದು ಅದು — ಅಷ್ಟೇ.

ಭಾನುವಾರ ಬೆಳಿಗ್ಗೆ ಅಷ್ಟೇ ಅಳತೆಯ ತಾಮ್ರದ ತುಂಡು ಹಿಡಿದು ನಿಟ್ಟುವಳ್ಳಿಗೆ ಹೋದೆ. ನಮ್ಮ ಮನೆಯ ಹಂಡೆ, ತಪ್ಪಲೆಗಳಿಗೆ ಕಲಾಯಿ ಹಾಕುತ್ತಿದ್ದ ಅಜ್ಜ ಅಲ್ಲಿದ್ದ.

“ಇಷ್ಟಕ್ಕಾ ಕಲಾಯಿ? ಇದ್ರಾಗೆ ಯಾರಿಗೆ ಅಡಿಗಿ ಮಾಡ್ತೀಯವ್ವ, ಗುಬ್ಬಿಗಾ?” ಎಂದ. ಇದ್ದಿಲ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ತಾಗಿಸಿ, ಹತ್ತಿಯಿಂದ ಒಂದು ಸಲ ಒರೆಸಿದ. ಬೆಳ್ಳಿಯ ಹಾಗೆ ಬೆಳಗಿತು. ನಿನ್ನದಕ್ಕೂ ಇದಕ್ಕೂ ನೋಡಲು ವ್ಯತ್ಯಾಸವಿರಲಿಲ್ಲ.

ಸೋಮವಾರ ನೀನು ಹಿಂದೆಂದೂ ಕಂಡಿರದ ಅಂಕಿ ಬಂತು. ಹೈಡ್ರೋಜನ್ ಗುಳ್ಳೆ ಅಲ್ಲೊಂದು ಇಲ್ಲೊಂದು. ಕರೆಂಟಿನ ಬಹುಪಾಲು ಆಮ್ಲಕ್ಕೇ ಹೋಗಿತ್ತು. ನೀನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಿನ್ನ ಗೈಡ್ ಸರ್ ಓಡಿ ಬಂದರು.

“ಈ ತಗಡಿಗೆ ಬೇರೆ ಏನಾರ ಮಾಡೀರೇನು?” ಎಂದು ನಮ್ಮಿಬ್ಬರನ್ನೂ ಕೇಳಿದರು.

ನೀನು ನನ್ನ ಕಡೆ ನೋಡಿದೆ. ನಾನು ಹೇಳಿದೆ:

“ಇಲ್ರಿ ಸರ್. ತೊಳೆದಿಟ್ಟೀನಿ, ಅಷ್ಟೇ.”

ಹೇಳಬೇಕಾಗಿದ್ದ ಗಳಿಗೆ ಅದು. ನೀನು ನಗುತ್ತಿದ್ದೆ, ನಾಳೆ ಹೇಳೋಣ ಅಂದುಕೊಂಡೆ. ಮರುದಿನ ನೀನು ಕ್ಯಾಂಟೀನಿನಿಂದ ಎಲ್ಲರಿಗೂ ಮೈಸೂರ್ ಪಾಕ್ ತಂದೆ — ನಾನೂ ತಿಂದೆ.

ಆಮೇಲೆ ಎರಡು ವರ್ಷ. ನಿನ್ನದೇ ವಿಧಾನದಲ್ಲಿ, ನಿನ್ನದೇ ಕೈಯಲ್ಲಿ, ಅದೇ ಅಂಕಿಯನ್ನು ಮತ್ತೆ ತರಲು ನೀನು ಪಟ್ಟ ಪಾಡು ಕಂಡವಳು ನಾನು. ದ್ರಾವಣ ಬದಲಿಸಿದೆ. ತಾಮ್ರ ಬದಲಿಸಿದೆ. ಹರಿಹರದಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದು ಬಟ್ಟಿ ಇಳಿಸಿದೆ. ನಾನು ಪಕ್ಕದಲ್ಲೇ ಗಾಜು ತೊಳೆಯುತ್ತಿದ್ದೆ.

ಕೊನೆಗೆ ಸರ್ ಆ ಮೊದಲ ತಗಡನ್ನು ಪರೀಕ್ಷೆಗೆ ಕಳಿಸೋಣ, ಅದರಲ್ಲಿ ಯಾವ ಯಾವ ಲೋಹ ಇದೆ ನೋಡೋಣ ಎಂದರು. ಅದು ಬೀರುವಿನಲ್ಲಿತ್ತು. ಊಟದ ಹೊತ್ತಿಗೆ ನಾನು ಅದನ್ನು ಸೆರಗಿನಲ್ಲಿ ಸುತ್ತಿ ಹೊರಗೆ ಒಯ್ದೆ, ಗುಜರಿ ಚೀಲಕ್ಕೆ ಹಾಕಿದೆ. ಮೊದಲ ತಪ್ಪನ್ನು ಹೆದರಿಕೆಯಿಂದ ಮಾಡಿದೆ ಅನ್ನಬಹುದು. ಇದನ್ನು — ಯೋಚಿಸಿ ಮಾಡಿದೆ.

“ಅಂಕಿ ಐತೆ, ತಗಡು ಇಲ್ಲ. ಯಾರು ನಂಬ್ತಾರಮ್ಮ?” ಎಂದರು ಸರ್, ಎಲ್ಲರ ಮುಂದೆ. ಅಂಕಿಯನ್ನು ನೀನೇ ಹುಟ್ಟಿಸಿದ್ದೆಂದು ಡಿಪಾರ್ಟ್‌ಮೆಂಟಿನಲ್ಲಿ ಮಾತಾಯಿತು. ಆ ತಿಂಗಳೇ ನೀನು ಬಿಟ್ಟು ಹೋದೆ.

ನೀನು ಹೋದ ಮೇಲೆ ನಿಟ್ಟುವಳ್ಳಿಯ ಅಜ್ಜನನ್ನು ಹುಡುಕಿಕೊಂಡು ಹೋದೆ, ತವರಕ್ಕೆ ಏನು ಬೆರೆಸುತ್ತೀ ಎಂದು ಕೇಳಿದೆ. “ಹಳೇ ತವರ, ಹೊಸಾ ತವರ, ಸ್ವಲ್ಪ ಸೀಸ... ಕೈಗೆ ಬಂದಂಗೆ” ಎಂದ. ಅಂದರೆ ಆ ಅಂಕಿಯ ಗುಟ್ಟು ಆ ಬೆರಕೆಯಲ್ಲೇ ಇತ್ತೇನೋ. ನಾನು ಬಾಯಿ ಬಿಟ್ಟಿದ್ದರೆ ನೀನು ಆ ಕಲಾಯಿಯನ್ನೇ ಬಿಡಿಸಿ ನೋಡುತ್ತಿದ್ದೆ. ನಿಜವಾದ ಏನನ್ನೋ ಕಂಡುಹಿಡಿಯುತ್ತಿದ್ದೆ.

ಹೋದ ತಿಂಗಳು ಹರಿಹರದ ನಿನ್ನ ಮನೆಗೆ ಬಂದೆ, ಇದನ್ನೆಲ್ಲ ಹೇಳಿಯೇ ಬರಬೇಕೆಂದು. ನೀನು ಚಹಾ ಕೊಟ್ಟೆ. ಶಾಲೆಯಲ್ಲಿ ಗಣಿತ ಹೇಳುತ್ತೇನೆ ಎಂದೆ. ವಿಜ್ಞಾನ ಯಾಕಲ್ಲ ಎಂದು ನಾನು ಕೇಳಿದೆ.

“ಬ್ಯಾಡ ಅಕ್ಕ. ಗಣಿತದ ಉತ್ತರ ಪುಸ್ತಕದ ಹಿಂದೆ ಇರ್ತೈತೆ. ಅದಕ್ಕೆ ನನ್ನ ಕೈ ಬ್ಯಾಕಾಗಲ್ಲ. ನನ್ನ ಕೈಯಾಗೇ ಏನೋ ಐಬೈತೆ” ಎಂದೆ ನೀನು. ಸಾರಿಗೆ ಉಪ್ಪು ಹಾಕಿದ ಮೇಲೆ ನಿನ್ನ ಅತ್ತೆಯನ್ನು ಕರೆದು ರುಚಿ ನೋಡಿಸಿದೆ — ಎರಡು ಸಲ. ಬಾಗಿಲ ತನಕ ಬಂದು ನನ್ನ ಕೈ ಹಿಡಿದು, “ಅವತ್ತು ಎಲ್ರೂ ಅನುಮಾನ ಪಟ್ರು. ನೀವೊಬ್ರೇ ಪಡಲಿಲ್ಲ” ಎಂದೆ.

ನಾನು ಏನೂ ಹೇಳದೆ ಬಸ್ಸು ಹತ್ತಿದೆ.

ಇದರ ಒಂದು ಪ್ರತಿಯನ್ನು ಇವತ್ತು ಸಹಿ ಮಾಡಿ ಸರ್ ಕೈಗೆ ಕೊಟ್ಟಿದ್ದೇನೆ. ಅವರು ಓದಿ ಕನ್ನಡಕ ತೆಗೆದಿಟ್ಟರು. ನನ್ನ ಕೆಲಸದ ವಿಚಾರ ಅವರಿಗೆ ಬಿಟ್ಟದ್ದು. ಇನ್ನೊಂದು ಪ್ರತಿ ಇದು, ನಿನಗೆ. ಕ್ಷಮಿಸು ಎಂದು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದ್ದೇನೆ. ಅದನ್ನು ಕೇಳುವ ಜಾಗದಲ್ಲಿ ನಾನಿಲ್ಲ.

ನಾನು ನಿನ್ನ ಮೇಲೆ ಅನುಮಾನ ಪಡಲಿಲ್ಲ, ಅದು ನಿಜ. ನನಗೆ ಗೊತ್ತಿತ್ತು, ಸವಿತಾ.